ಟ್ಯೂಷನ್ ಆಂಟಿಯೋ, ಮನೆಗೆ ಬರುವ ಮಿಸ್ಸೋ, ಅಮ್ಮನೋ: ಈಗಷ್ಟೇ ಶಾಲೆ ಸೇರಿದ ಮಗುವಿಗೆ ಯಾರು ಸರಿ?

ಜುಲೈ ಬಂತೆಂದರೆ ನನ್ನ ಫೋನಿಗೆ ಎರಡು ಥರದ ಕರೆ ಜಾಸ್ತಿ. ಒಂದು, ಮಳೆಗೆ ನಾಳೆ ಶಾಲೆಗೆ ರಜೆ ಇದೆಯಾ ಅಂತ. ಇನ್ನೊಂದು, ಮಗುವನ್ನು ಟ್ಯೂಷನ್ನಿಗೆ ಎಲ್ಲಿ ಹಾಕೋಣ ಅಂತ. ಮೊದಲನೆಯದನ್ನು ಡಿಸಿ ಆಫೀಸಿನವರು ನೋಡಿಕೊಳ್ಳುತ್ತಾರೆ. ಎರಡನೆಯದು ನನ್ನ ಪಾಲಿಗೆ. ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಮನೆ ಜಗಲಿ ಮೇಲೆ ಒಂಬತ್ತು ವರ್ಷ ಪುಟ್ಟ ಮಕ್ಕಳಿಗೆ ಟ್ಯೂಷನ್ ಹೇಳಿದವಳು ನಾನು. ಈಗ ಬಿಟ್ಟಿದ್ದೇನೆ. ಹಾಗಾಗಿ "ನನ್ನ ಹತ್ತಿರವೇ ಕಳಿಸಿ" ಅನ್ನುವ ಆಸೆ ಇಲ್ಲ.

ಈ ಸಲ ಒಂದೇ ವಾರದಲ್ಲಿ ಮೂವರು ಕೇಳಿದರು. ಮೊದಲನೆಯವರು ನಮ್ಮೂರಿನದೇ ಗೋಪಾಳ ಬಡಾವಣೆಯ ಒಬ್ಬ ತಾಯಿ. ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಮನೆ ಸೇರುವಾಗ ರಾತ್ರಿ ಏಳು. ಮಗ ಯುಕೆಜಿ, ಮಧ್ಯಾಹ್ನದಿಂದ ಅಜ್ಜಿ ಜೊತೆ. ಎರಡನೆಯವರು ಆಟೋ ಓಡಿಸುವವರು. ಮಗಳು ಇಂಗ್ಲಿಷ್ ಮೀಡಿಯಂ ಎಲ್‌ಕೆಜಿ. ಡೈರಿಯಲ್ಲಿ ಮಿಸ್ ಇಂಗ್ಲಿಷಿನಲ್ಲಿ ಏನೋ ಬರೆದು ಕಳಿಸುತ್ತಾರೆ, ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ. ಮೂರನೆಯವರು ತೀರ್ಥಹಳ್ಳಿ ಕಡೆಯ ಒಂಟಿಮನೆಯವರು. ಸುತ್ತ ಅಡಿಕೆ ತೋಟ, ಪಕ್ಕದ ಮನೆ ಅಂದರೆ ಒಂದು ಗುಡ್ಡ ಇಳಿದು ಇನ್ನೊಂದು ಹತ್ತಬೇಕು. ಮಗ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು. "ಒಂದೂವರೆ ತಿಂಗಳಾಯ್ತು ಅಕ್ಕ, ಇನ್ನೂ ಅ ಆ ಇ ಈ ಶುರು ಮಾಡಿಲ್ಲ. ಆನ್‌ಲೈನ್ ಕ್ಲಾಸಿಗೆ ಸೇರಿಸಲಾ?" ಅಂದರು.

ಮೂವರೂ ಕೇಳಿದ್ದು ಒಂದೇ ಪ್ರಶ್ನೆ ಅನ್ನಿಸುತ್ತದೆ. ಅಲ್ಲ. ಮೊದಲನೆಯವರಿಗೆ ಹೊತ್ತಿಲ್ಲ. ಎರಡನೆಯವರಿಗೆ ಇಂಗ್ಲಿಷ್ ಇಲ್ಲ. ಮೂರನೆಯವರಿಗೆ ಧೈರ್ಯ ಇಲ್ಲ. ಐದು ವರ್ಷದ ಮಗುವಿಗೆ ಟ್ಯೂಷನ್ ಹುಡುಕುವ ಅಪ್ಪ ಅಮ್ಮಂದಿರು ಬಹುಪಾಲು ಮದ್ದು ಹುಡುಕುವುದು ತಮ್ಮ ಕೊರತೆಗೆ, ಮಗುವಿನದಕ್ಕಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೊರತೆ ಯಾವುದು ಅಂತ ನೋಡಿಕೊಳ್ಳದೆ ದುಡ್ಡು ಕಟ್ಟಿದರೆ, ಕೆಮ್ಮು ಅಂತ ಹೋಗಿ ಮಂಡಿನೋವಿನ ಎಣ್ಣೆ ತಂದ ಹಾಗಾಗುತ್ತದೆ.

ಮೊದಲು ಇಷ್ಟು ಲೆಕ್ಕ ಹಾಕಿ

ಮಗುವಿನ ವಯಸ್ಸನ್ನು ವರ್ಷದಲ್ಲಿ ಅಲ್ಲ, ತಿಂಗಳಲ್ಲಿ ಎಣಿಸಿ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುವ ನಿಯಮವನ್ನು ನಮ್ಮ ರಾಜ್ಯದಲ್ಲಿ 2025-26ನೇ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲ ಮಾಡಿದ್ದು ನೆನಪಿರಬಹುದು. ಅಂದರೆ ಒಂದೇ ಬೆಂಚಿನಲ್ಲಿ ಐದೂವರೆಯ ಮಗುವೂ ಆರೂವರೆಯ ಮಗುವೂ ಕೂತಿರುತ್ತವೆ. ನಮಗೆ ನಿಮಗೆ ಒಂದು ವರ್ಷ ಹೆಚ್ಚು ಕಮ್ಮಿ ಆದರೆ ಏನೂ ಅಲ್ಲ. ಆರು ವರ್ಷದ ಮಗುವಿಗೆ ಅದು ಬದುಕಿನ ಆರನೇ ಒಂದು ಪಾಲು. "ಪಕ್ಕದ ಮನೆಯವಳು ಸರಸರ ಬರೀತಾಳೆ, ನಮ್ಮವನು ಪೆನ್ಸಿಲ್ಲೇ ಹಿಡಿಯಲ್ಲ" ಅನ್ನುವ ಮೊದಲು ಅವಳು ಹುಟ್ಟಿದ ತಿಂಗಳು ಕೇಳಿ.

ಎರಡನೆಯದು, ಈ ವಯಸ್ಸಿಗೆ ಎಷ್ಟು ಬಂದರೆ ಸಾಕು ಅನ್ನುವುದು. ಇದು ಗೊತ್ತಿಲ್ಲದೆ ಹೆದರುವವರೇ ಜಾಸ್ತಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನೆಲ್ಲ ಸೇರಿಸಿ ಒಂದೇ ಬುನಾದಿ ಹಂತ ಅಂದಿದೆ. 2021ರಲ್ಲಿ ಶುರುವಾದ ನಿಪುಣ್ ಭಾರತ್ ಯೋಜನೆಯಲ್ಲಿ ಗುರಿಗಳನ್ನು ಬರೆದೇ ಇಟ್ಟಿದ್ದಾರೆ. ಒಂದನೇ ತರಗತಿಗೆ ಮುಂಚೆ, ಅಂದರೆ ನಮ್ಮ ಯುಕೆಜಿ ಹೊತ್ತಿಗೆ, ಅಕ್ಷರ ಮತ್ತು ಅದರ ಉಲಿ (ಸದ್ದು) ಗುರುತು ಸಿಗಬೇಕು, ಎರಡು ಮೂರು ಅಕ್ಷರದ ಸರಳ ಪದ ಓದಬೇಕು, ಹತ್ತರವರೆಗೆ ಅಂಕಿ ಗೊತ್ತಿರಬೇಕು. ಒಂದನೇ ತರಗತಿ ಮುಗಿಯುವಾಗ ನಾಲ್ಕೈದು ಸರಳ ಪದಗಳ ಪುಟ್ಟ ವಾಕ್ಯ ಓದಬೇಕು, 99ರವರೆಗೆ ಅಂಕಿ ಬರೆಯಬೇಕು, ಸಣ್ಣ ಕೂಡು ಕಳೆ ಬರಬೇಕು. ಅಷ್ಟೇ. ಯುಕೆಜಿ ಮಗುವಿಗೆ ನೂರರವರೆಗೆ ಬರೆಸಿ, ಎರಡರ ಮಗ್ಗಿ ಬರಲಿಲ್ಲ ಅಂತ ಟ್ಯೂಷನ್ನಿಗೆ ಕರೆತಂದವರನ್ನು ನಾನು ಎಷ್ಟು ಮಂದಿ ನೋಡಿಲ್ಲ!

ಹೋಂವರ್ಕ್ ಮಾಡಿಸಲು ಟ್ಯೂಷನ್ ಬೇಕು ಅನ್ನುವವರಿಗೆ ಇನ್ನೊಂದು ಮಾತು. 1 ಮತ್ತು 2ನೇ ತರಗತಿಗೆ ಹೋಂವರ್ಕೇ ಕೊಡಬಾರದು ಅಂತ 2018ರಲ್ಲೇ ಕೇಂದ್ರದಿಂದ ಸುತ್ತೋಲೆ ಬಂದಿದೆ. ಎಲ್‌ಕೆಜಿಗೆ ದಿನಾ ಮೂರು ಪುಟ ಕೊಡುವ ಶಾಲೆಯಿದ್ದರೆ, ಟ್ಯೂಷನ್ ಹುಡುಕುವುದಕ್ಕೆ ಮುಂಚೆ ಪೋಷಕರ ಸಭೆಯಲ್ಲಿ ನಾಲ್ಕು ಜನ ಸೇರಿ ಕೇಳಿ. ಒಬ್ಬರೇ ಕೇಳಿದರೆ ಕೆಲಸ ಆಗಲ್ಲ, ಅದೂ ನನಗೆ ಗೊತ್ತು.

ಮೂರನೆಯದು ಹೊತ್ತು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಮೂರು ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಶಾಲೆ ವ್ಯಾನಿಗಾಗಿ ಬೆಳಿಗ್ಗೆ ಆರೂವರೆಗೆ ಏಳುವ ಮಗು, ಮಧ್ಯಾಹ್ನ ಮಲಗದಿದ್ದರೆ, ರಾತ್ರಿ ಎಂಟೂವರೆಗೆಲ್ಲ ಮಲಗಿರಬೇಕು. ಈಗ ಹಿಂದಕ್ಕೆ ಎಣಿಸಿ. ಊಟ, ಕೈಕಾಲು ತೊಳೆಯುವುದು, ಸ್ವಲ್ಪ ಮಣ್ಣಲ್ಲಿ ಆಡುವುದು. ಟ್ಯೂಷನ್ನಿಗೆ ಉಳಿಯುವುದು ಸಂಜೆ ಐದರಿಂದ ಆರೂಕಾಲಿನ ನಡುವಿನ ಒಂದಿಷ್ಟು ಹೊತ್ತು. ಏಳು ಗಂಟೆ ಬ್ಯಾಚು ಅಂದರೆ, ಯಾರೇ ಹೇಳಲಿ, ಎಷ್ಟೇ ಒಳ್ಳೆಯವರಿರಲಿ, ಬೇಡ.

ಇನ್ನು ದೂರ. ನಮ್ಮ ಊರುಗಳಲ್ಲಿ ಇದನ್ನು ಬೇಸಿಗೆಯಲ್ಲಿ ಅಳೆಯಬೇಡಿ. ಏಪ್ರಿಲಿನಲ್ಲಿ ಐದು ನಿಮಿಷದ ದಾರಿ ಜುಲೈನಲ್ಲಿ ಇಪ್ಪತ್ತು ನಿಮಿಷ, ಜೊತೆಗೆ ಒದ್ದೆ ಚಡ್ಡಿ. ಒದ್ದೆ ಬಟ್ಟೆಯಲ್ಲಿ ಕೂತ ಮಗು ಏನನ್ನೂ ಕಲಿಯುವುದಿಲ್ಲ, ಜ್ವರ ಮಾತ್ರ ತರುತ್ತದೆ.

ಪಕ್ಕದ ಬೀದಿಯ ಟ್ಯೂಷನ್ ಆಂಟಿ

ಹೆಚ್ಚಿನವರು ಮೊದಲು ಹೋಗುವುದು ಇಲ್ಲಿಗೇ. ಅಗ್ಗ, ಹತ್ತಿರ, ಗೊತ್ತಿರುವ ಮುಖ. ನಾನು ಬಿಡುವ ವರ್ಷ ತಿಂಗಳಿಗೆ 400 ರೂಪಾಯಿ ತಗೋತಿದ್ದೆ. ಈಗ ಜಾಸ್ತಿಯಾಗಿರುತ್ತದೆ, ನಿಮ್ಮ ಬೀದಿಯಲ್ಲೇ ಕೇಳಿ. ಲೆಕ್ಕ ಮಾತ್ರ ಅದೇ, ಬದಲಾಗಲ್ಲ.

ಆ ಲೆಕ್ಕ ಹೀಗೆ. ಜಗಲಿಯಲ್ಲಿ ಹನ್ನೆರಡು ಮಕ್ಕಳು, ಒಂದು ಗಂಟೆ. ಒಂದು ಮಗುವಿಗೆ ಐದು ನಿಮಿಷ. ತಿಂಗಳಿಗೆ 22 ದಿನ ಅಂದರೆ 110 ನಿಮಿಷ. ಉಳಿದ ಹೊತ್ತು ಮಗು ಏನು ಮಾಡುತ್ತದೆ? ಕಾಪಿ ಬರೆಯುತ್ತದೆ. ಅಥವಾ ಬರೆದ ಹಾಗೆ ಮಾಡುತ್ತದೆ.

ಒಂದು ಸಲ ಯುಕೆಜಿ ಹುಡುಗನೊಬ್ಬನಿಗೆ "11ರಿಂದ 20 ಬರಿ ಪುಟ್ಟ" ಅಂತ ಹೇಳಿ ದೊಡ್ಡ ಮಕ್ಕಳ ಲೆಕ್ಕ ನೋಡಲು ಹೋದೆ. ತಿರುಗಿ ಬಂದು ನೋಡಿದರೆ, ಮೇಲಿಂದ ಕೆಳಗಿನವರೆಗೆ ಬರೀ 1, 1, 1, 1 ಅಂತ ಒಂದು ಉದ್ದ ಸಾಲು ಎಳೆದಿದ್ದಾನೆ. ಆಮೇಲೆ ಮತ್ತೆ ಮೇಲಿಂದ ಶುರು ಮಾಡಿ ಪಕ್ಕದಲ್ಲಿ 1, 2, 3 ಅಂತ ಇಳಿಸಿಕೊಂಡು ಹೋಗುತ್ತಿದ್ದಾನೆ. ಪುಟ ತುಂಬಿದಾಗ ಎಲ್ಲ ಸರಿಯಾಗೇ ಇತ್ತು. ಅಮ್ಮ ನೋಡಿದರೆ ಖುಷಿಪಡುತ್ತಾರೆ. "ಇದೇನೋ ಇದು?" ಅಂತ 14ರ ಮೇಲೆ ಬೆರಳಿಟ್ಟೆ. "ಒಂದು, ನಾಲ್ಕು" ಅಂದ. ಹದಿನಾಲ್ಕು ಅನ್ನುವ ಸಂಖ್ಯೆ ಅವನ ತಲೆಗೆ ಹೊಕ್ಕೇ ಇರಲಿಲ್ಲ. ತುಂಬಿದ ಪುಟ ಕಂಡರೆ ನನಗೆ ಈಗಲೂ ಅನುಮಾನ.

ಆದರೂ ಜಗಲಿ ಟ್ಯೂಷನ್ನನ್ನು ನಾನು ತೆಗೆದುಹಾಕಲ್ಲ. ಅಲ್ಲಿ ಬೇರೆ ಮಕ್ಕಳಿರುತ್ತಾರೆ. ಮೂರನೇ ಕ್ಲಾಸಿನ ಅಕ್ಕ ಎಲ್‌ಕೆಜಿ ತಮ್ಮನ ಕೈ ಹಿಡಿದು ತಿದ್ದಿಸುವುದು ಯಾವ ಮಿಸ್ ಕೈಯಲ್ಲೂ ಆಗದ ಕೆಲಸ. ಒಬ್ಬನೇ ಮಗ, ಮನೆಯಲ್ಲಿ ಅಜ್ಜಿ ಮತ್ತು ಟಿವಿ ಅಷ್ಟೇ ಅನ್ನುವವರಿಗೆ ಇದು ಓದಿಗಿಂತ ಒಡನಾಟಕ್ಕೆ ಒಳ್ಳೆಯದು. ಒಂದು ವರ್ಷ ನಾನು "ಆಗಲ್ಲ" ಅನ್ನಲಾಗದೆ 22 ಮಕ್ಕಳನ್ನು ಸೇರಿಸಿಕೊಂಡೆ. ಸ್ಪೀಕರಿಲ್ಲದ ಮದುವೆ ಮನೆಯಾಯಿತು. ಆ ವರ್ಷ ಯಾರೂ ಏನೂ ಕಲಿಯಲಿಲ್ಲ, ನನಗೆ ಗಂಟಲು ನೋವು ಬಂತು. ಆ ತಂದೆತಾಯಿಯರ ದುಡ್ಡು ಈಗಲೂ ನನ್ನ ಮನಸ್ಸಿನಲ್ಲಿ ಬಾಕಿ ಇದೆ.

ಸೇರಿಸುವ ಮೊದಲು ಹೀಗೆ ಮಾಡಿ. ಮಾತಾಡಲು ಬೆಳಿಗ್ಗೆ ಹೋಗಬೇಡಿ, ಸಂಜೆ ಐದೂವರೆಗೆ ಹೇಳದೆ ಹೋಗಿ. ಬಾಗಿಲ ಬಳಿ ಚಪ್ಪಲಿ ಎಣಿಸಿ, ಎರಡರಿಂದ ಭಾಗಿಸಿ. ಹನ್ನೆರಡು ದಾಟಿದರೆ ಬೇರೆ ಮನೆ ನೋಡಿ. ಒಳಗೆ ಟಿವಿ ಓಡುತ್ತಿದೆಯಾ? ಕೈಯಲ್ಲಿ ಸ್ಕೇಲು ಯಾಕಿದೆ, ಗೆರೆ ಎಳೆಯಲೋ, ಹೆದರಿಸಲೋ? ಆ ಮನೆಯಲ್ಲಿ ಇನ್ನು ಯಾರ್ಯಾರಿದ್ದಾರೆ, ಮಕ್ಕಳು ಬಾತ್‌ರೂಮಿಗೆ ಹೋದರೆ ಯಾರು ಜೊತೆಗೆ ಹೋಗುತ್ತಾರೆ? ಇದನ್ನು ಕೇಳಲು ಸಂಕೋಚ ಬೇಡ. ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳುವವರ ಹತ್ತಿರ ಮಗುವನ್ನು ಬಿಡುವುದೇ ಬೇಡ.

ಮನೆಗೆ ಬಂದು ಹೇಳಿಕೊಡುವವರು

ಬಿ.ಎಡ್, ಡಿ.ಎಡ್ ಓದುವ ಹುಡುಗಿಯರು, ಕೆಲಸ ಬಿಟ್ಟು ಮನೆಯಲ್ಲಿರುವ ಟೀಚರುಗಳು ಶಿವಮೊಗ್ಗದಲ್ಲಿ, ಸಾಗರದಲ್ಲಿ, ಭದ್ರಾವತಿಯಲ್ಲಿ ಹುಡುಕಿದರೆ ಸಿಗುತ್ತಾರೆ. ಖರ್ಚು ಜಾಸ್ತಿ. ಜಗಲಿ ಟ್ಯೂಷನ್ನಿನ ಐದು ಪಟ್ಟು ಅಂತಲೇ ಇಟ್ಟುಕೊಳ್ಳಿ. ನನ್ನ 400ರ ಲೆಕ್ಕದಲ್ಲಿ 2,000 ಆಯಿತು. ಅಬ್ಬಾ ಅನ್ನಿಸುತ್ತದೆ. ಆದರೆ ವಾರಕ್ಕೆ ಮೂರು ದಿನ, ಮುಕ್ಕಾಲು ಗಂಟೆ ಬಂದರೂ ತಿಂಗಳಿಗೆ 540 ನಿಮಿಷ ನಿಮ್ಮ ಮಗುವೊಂದಕ್ಕೇ ಸಿಗುತ್ತದೆ. ಅಲ್ಲಿ 110 ನಿಮಿಷಕ್ಕೆ 400, ಇಲ್ಲಿ 540 ನಿಮಿಷಕ್ಕೆ 2,000. ಎರಡೂ ಕಡೆ ನಿಮಿಷಕ್ಕೆ ಮೂರೂವರೆ ರೂಪಾಯಿಯ ಮೇಲೆ ಸ್ವಲ್ಪ. ಅಂದರೆ ಮನೆಗೆ ಬರುವವರು ದುಬಾರಿಯಲ್ಲ, ನೀವು ಜಾಸ್ತಿ ಕೊಳ್ಳುತ್ತಿದ್ದೀರಿ ಅಷ್ಟೆ. ಅಷ್ಟು ಬೇಕಾ ಅನ್ನುವುದೇ ಪ್ರಶ್ನೆ.

ಐದು ವರ್ಷದ ಮಗುವಿನ ಎದುರು ಒಬ್ಬರೇ ಕೂತು ಮುಕ್ಕಾಲು ಗಂಟೆ ಅದನ್ನೇ ನೋಡುತ್ತಿದ್ದರೆ, ಕೊನೆಯ ಹದಿನೈದು ನಿಮಿಷ ಇಬ್ಬರಿಗೂ ಶಿಕ್ಷೆ. ಅರ್ಧ ಗಂಟೆಯಂತೆ ನಾಲ್ಕು ದಿನ ಬರುತ್ತೀರಾ ಅಂತ ಕೇಳಿ. ಒಟ್ಟು ಸ್ವಲ್ಪ ಕಮ್ಮಿಯಾದರೂ ಹಿಡಿಯುವುದು ಜಾಸ್ತಿ. ಇನ್ನೊಂದು ತೊಂದರೆ, ಓದುವ ಹುಡುಗಿಯರಿಗೆ ಪರೀಕ್ಷೆ ಬಂದರೆ ಊರಿಗೆ ಹೋಗಿಬಿಡುತ್ತಾರೆ. ಒಂದು ವರ್ಷದಲ್ಲಿ ಮೂವರು ಮಿಸ್ ಬದಲಾದರೆ ಮಗುವಿಗೆ ಪ್ರತಿ ಸಲ ಮೊದಲಿಂದ ಸಲಿಗೆ ಬೆಳೆಯಬೇಕು. ಪಾಠ ಹಾಲಿನಲ್ಲೇ ನಡೆಯಲಿ, ಬಾಗಿಲು ತೆರೆದಿರಲಿ, ದೊಡ್ಡವರೊಬ್ಬರು ಮನೆಯಲ್ಲಿರಲಿ.

ಇದು ನಿಜಕ್ಕೂ ಬೇಕಾಗುವುದು ಎರಡು ಥರದ ಮಕ್ಕಳಿಗೆ. ಗುಂಪಿನಲ್ಲಿ ಬಾಯಿಯೇ ಬಿಡದ ಮಗು ಒಂದು. ಮನೆಮಾತು ಬೇರೆ, ಶಾಲೆಯ ಮಾತು ಬೇರೆ ಇರುವ ಮಗು ಇನ್ನೊಂದು. ಶಿವಮೊಗ್ಗದಲ್ಲಿ ಉರ್ದು, ತಮಿಳು, ಲಂಬಾಣಿ, ಕೊಂಕಣಿ ಮಾತಾಡುವ ಮನೆಗಳು ಎಷ್ಟಿಲ್ಲ? ಆ ಮಗು ದಡ್ಡ ಅಂತ ಶಾಲೆಯವರು ಅಂದುಕೊಂಡಿರುತ್ತಾರೆ. ಅದಕ್ಕೆ ಪ್ರಶ್ನೆಯೇ ಅರ್ಥವಾಗಿರುವುದಿಲ್ಲ. ಎರಡೂ ಭಾಷೆ ಗೊತ್ತಿರುವ ಒಬ್ಬ ಹುಡುಗಿ ಆರು ತಿಂಗಳು ಜೊತೆಗಿದ್ದರೆ ಸಾಕು. ಡಿಗ್ರಿ ನೋಡಬೇಡಿ, ಮಾತು ನೋಡಿ.

ಶಾಲೆಯ ಮಿಸ್ಸೇ ಸಂಜೆ ಮನೆಯಲ್ಲಿ ಹೇಳಿಕೊಡುತ್ತಾರಂತೆ, ಅವರಿಗೇ ಒಪ್ಪಿಸಲಾ ಅಂತ ಕೆಲವರು ಕೇಳುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮು ಶಿಕ್ಷಕರು ಖಾಸಗಿ ಟ್ಯೂಷನ್ ಹೇಳಬಾರದು ಅನ್ನುತ್ತದೆ. ಕಾಯ್ದೆ ಬದಿಗಿಟ್ಟರೂ, ಬೆಳಿಗ್ಗೆ ಕ್ಲಾಸಿನಲ್ಲಿ ಕಲಿಸಬೇಕಾದ್ದನ್ನು ಸಂಜೆ ದುಡ್ಡಿಗೆ ಕಲಿಸುವ ವ್ಯವಹಾರದಲ್ಲಿ ಟ್ಯೂಷನ್ನಿಗೆ ಬಾರದ ಮಕ್ಕಳ ಗತಿ ಏನು, ಅಲ್ವಾ?

ಫೋನಿಕ್ಸ್, ಅಬಾಕಸ್, ಬಣ್ಣದ ಬೋರ್ಡಿನ ಕ್ಲಾಸುಗಳು

ಅಬಾಕಸ್ ಬಗ್ಗೆ ಬೇಗ ಮುಗಿಸುತ್ತೇನೆ. ಅದು ಕಂಬಿಗೆ ಪೋಣಿಸಿದ ಮಣಿ ಸರಿಸಿ ಲೆಕ್ಕವನ್ನು ವೇಗವಾಗಿ ಮಾಡುವ ವಿದ್ಯೆ. ಐದು ಅಂದರೆ ಎಷ್ಟು ಅಂತ ಇನ್ನೂ ಬೆರಳಲ್ಲಿ ನೋಡುತ್ತಿರುವ ಮಗುವಿಗೆ ವೇಗ ಯಾಕೆ? ಎರಡು ಮೂರು ವರ್ಷ ಕಾಯಿರಿ.

ಫೋನಿಕ್ಸ್ ಬೇರೆ ವಿಷಯ. ಇಂಗ್ಲಿಷ್ ಅಕ್ಷರದ ಹೆಸರಿಗಿಂತ ಅದರ ಉಲಿಯನ್ನು ಮೊದಲು ಕಲಿಸುವ ಕ್ರಮ ಅದು, ಒಳ್ಳೆಯ ಕ್ರಮವೇ. ಎ, ಬಿ, ಸಿ, ಡಿ ಅಂತ ಹೋಗುವ ಬದಲು ಎಸ್, ಎ, ಟಿ, ಪಿ, ಐ, ಎನ್ ಅಕ್ಷರಗಳಿಂದ ಶುರು ಮಾಡುತ್ತಾರೆ. ಯಾಕೆಂದರೆ ಈ ಆರೇ ಅಕ್ಷರದಲ್ಲಿ ಸ್ಯಾಟ್, ಪಿನ್, ಟಿನ್, ಟ್ಯಾಪ್ ಅಂತ ಹತ್ತಾರು ಪದ ಓದಬಹುದು. ಇದನ್ನು ಹೊಸ ವಿದ್ಯೆ ಅಂತ ಮಾರುವವರಿಗೆ ನಮ್ಮ ನಲಿಕಲಿ ನೆನಪಿಸಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ಪದ್ಧತಿ ಅದು. ಅಲ್ಲಿ ಕನ್ನಡ ಶುರುವಾಗುವುದು ಅ ಆ ಇ ಈ ಇಂದಲ್ಲ. ರ ಗ ಸ ದ ಅ. ಈ ಐದರಲ್ಲೇ ಅರಸ, ಅಗಸ, ಸರ, ದರ, ರಸ, ಸರಸರ, ಗರಗರ. ಮೊದಲ ವಾರಗಳಲ್ಲೇ ಮಗು ಪದ ಓದುತ್ತದೆ. ಎರಡರ ಹಿಂದಿನ ಯೋಚನೆಯೂ ಒಂದೇ.

ಇಂಥ ಸೆಂಟರುಗಳಲ್ಲಿ ನೋಡಬೇಕಾದ್ದು ಬೋರ್ಡನ್ನಲ್ಲ, ರಸೀದಿಯನ್ನು. ನನ್ನ ತಂಗಿ ಮಗಳನ್ನು ಒಂದು ಕ್ಲಾಸಿಗೆ ಸೇರಿಸುವಾಗ ಇಡೀ ವರ್ಷದ್ದು ಒಟ್ಟಿಗೆ ಕಟ್ಟಿಸಿಕೊಂಡರು. ಮೂರನೇ ವಾರ ಮಗು ಗೇಟು ಹಿಡಿದು ಅಳತೊಡಗಿತು. ದುಡ್ಡು ವಾಪಸ್ ಕೇಳಿದರೆ, ಫಾರ್ಮಿನ ಹಿಂದಿನ ಪುಟದಲ್ಲಿ ಸೂಜಿಮೊನೆಯಷ್ಟು ಅಕ್ಷರದಲ್ಲಿ ಬರೆದದ್ದು ತೋರಿಸಿದರು. ತಿಂಗಳಿಗೆ ತಿಂಗಳು ಕಟ್ಟಿಸಿಕೊಳ್ಳುವವರಾದರೆ ಮಾತ್ರ ಯೋಚಿಸಿ. ಕಿಟ್, ಬ್ಯಾಗು, ಟೀ ಶರ್ಟಿನ ದುಡ್ಡು ಬೇರೆ ಇರುತ್ತದೆ, ಅದನ್ನೂ ಕೂಡಿಸಿ. ಇಂಗ್ಲಿಷ್ ಮೀಡಿಯಂ ಮಗು, ಮನೆಯಲ್ಲಿ ಇಂಗ್ಲಿಷ್ ಇಲ್ಲ, ಕೈಯಲ್ಲಿ ದುಡ್ಡಿದೆ ಅನ್ನುವವರಿಗೆ ವಾರಕ್ಕೆ ಎರಡು ದಿನದ ಒಳ್ಳೆಯ ಫೋನಿಕ್ಸ್ ಕ್ಲಾಸು ಉಪಯೋಗವೇ.

ಮೊಬೈಲಿನ ಕ್ಲಾಸು

ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಮುಂದೆ ಕೂರಬಾರದು, ಕಮ್ಮಿಯಾದಷ್ಟೂ ಒಳ್ಳೆಯದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಆ ಒಂದು ಗಂಟೆಯನ್ನು ಕಾರ್ಟೂನು ಆಗಲೇ ತಿಂದಿರುತ್ತದೆ. ಮೇಲಾಗಿ ಈ ವಯಸ್ಸಿನ ಮಗು ಆನ್‌ಲೈನ್ ಕ್ಲಾಸಿನಲ್ಲಿ ಒಂದೇ ಕೂರಲ್ಲ. ಪಕ್ಕದಲ್ಲಿ ನೀವು ಕೂರಲೇಬೇಕು. ಕೂರಲು ಹೊತ್ತಿದ್ದರೆ ನೀವೇ ಹೇಳಿಕೊಡಬಹುದಲ್ಲ! ನಮ್ಮ ಮಲೆನಾಡಿನಲ್ಲಂತೂ ಮಳೆಗಾಲದಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ಮೂರು ದಿನ ಕರೆಂಟಿಲ್ಲ, ಟವರೂ ಇಲ್ಲ. ಕ್ಲಾಸಿನವರು ಆ ದಿನಗಳ ದುಡ್ಡು ಕಳೆಯುತ್ತಾರಾ ಅಂತ ಕೇಳಿ ನೋಡಿ.

ಫೋನನ್ನು ಒಂದಕ್ಕೆ ಬಳಸಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕತೆಗಳು ಪುಕ್ಕಟೆ ಇವೆ. ನೆಟ್‌ವರ್ಕ್ ಸಿಕ್ಕಾಗ ಇಳಿಸಿಟ್ಟುಕೊಂಡು ರಾತ್ರಿ ಒಂದು ಕತೆ ನೀವು ಓದಿ ಹೇಳಿ.

ಅಮ್ಮ, ಅಪ್ಪ, ಅಜ್ಜಿ

ಖರ್ಚಿಲ್ಲದ ದಾರಿ ಇದು. ಸುಲಭದ್ದು ಅಂತ ಮಾತ್ರ ಹೇಳಲ್ಲ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ ಬೇಕು.

ಬರೆಸುವುದರಿಂದ ಶುರು ಮಾಡಬೇಡಿ. ಪೆನ್ಸಿಲ್ ಹಿಡಿಯುವ ಬೆರಳಿಗೆ ಬಲ ಬರಬೇಕಲ್ಲ. ಚಪಾತಿ ಹಿಟ್ಟಿನ ಒಂದು ಉಂಡೆ ಕೊಡಿ, ಹಾವು ಮಾಡಲಿ, ಆ ಹಾವನ್ನೇ ಸುತ್ತಿ ರ ಮಾಡಲಿ. ಅವರೆಕಾಯಿ ಸುಲಿಯಲಿ. ಅಟ್ಟದ ಮೇಲೆ ಅಳಗುಳಿ ಮಣೆ ಇದ್ದರೆ ಇಳಿಸಿ ಧೂಳು ಒರೆಸಿ. ಏಳೇಳು ಗುಳಿಯ ಎರಡು ಸಾಲು, ಒಂದು ಹಿಡಿ ಹುಣಸೆ ಬೀಜ. ಗುಳಿಗೊಂದರಂತೆ ಬೀಜ ಹಾಕುತ್ತಾ ಹೋಗುವಾಗ ಮಗು ಒಂದಕ್ಕೆ ಒಂದು ಅಂತ ಎಣಿಸುವುದನ್ನು ಕಲಿಯುತ್ತದೆ. ಎಷ್ಟೋ ಮಕ್ಕಳು ಬಾಯಲ್ಲಿ ನೂರು ಹೇಳುತ್ತವೆ, ಎದುರಿಗಿಟ್ಟ ಎಂಟು ಬೀಜ ಎಣಿಸುವಾಗ ಎರಡು ಸಲ ಅದನ್ನೇ ಮುಟ್ಟಿ ಹತ್ತು ಅನ್ನುತ್ತವೆ. ಅಜ್ಜಿಗೆ ಇಂಗ್ಲಿಷ್ ಬೇಕಾಗಿಲ್ಲ ಇದಕ್ಕೆ. ಅಜ್ಜಿಗಿಂತ ಚೆನ್ನಾಗಿ ಯಾವ ಸೆಂಟರಿನವರೂ ಹೇಳಿಕೊಡಲಾರರು.

ಎಣಿಕೆ ಕನ್ನಡದಲ್ಲೇ ಮೊದಲು ಗಟ್ಟಿಯಾಗಲಿ, ಶಾಲೆ ಯಾವ ಮೀಡಿಯಂ ಆದರೂ ಸರಿ. ಇಪ್ಪತ್ತಮೂರು ಅನ್ನುವಾಗ ಇಪ್ಪತ್ತೂ ಕೇಳುತ್ತದೆ, ಮೂರೂ ಕೇಳುತ್ತದೆ. ಹದಿಮೂರರಲ್ಲೂ ಹತ್ತು ಮೊದಲು, ಮೂರು ಆಮೇಲೆ, ಬರೆಯುವ ಕ್ರಮವೂ ಅದೇ. ಇಂಗ್ಲಿಷಿನ ಥರ್ಟೀನ್, ಥರ್ಟಿ ಎರಡೂ ಮಗುವಿನ ಕಿವಿಗೆ ಒಂದೇ.

ಅಕ್ಷರಕ್ಕೆ ಅ ಆ ಇ ಈ ಹಾಡಿನ ಹಾಗೆ ಬಾಯಿಗೆ ಬರಲಿ, ಬೇಡ ಅನ್ನಲ್ಲ. ಓದಲು ಮಾತ್ರ ರ ಗ ಸ ದ ಅ ಹಿಡಿಯಿರಿ. ಸ್ವರಗಳನ್ನೇ ತಿದ್ದಿಸುತ್ತಾ ಕೂತರೆ ತಿಂಗಳಾದರೂ ಮಗುವಿಗೆ ಓದಲು ಒಂದು ಪದವೂ ಸಿಗುವುದಿಲ್ಲ.

ಮನೆ ಪಾಠದ ದೊಡ್ಡ ತೊಂದರೆ ಸಿಟ್ಟು. ಹನ್ನೆರಡು ಮಕ್ಕಳ ಜೊತೆ ತಾಳ್ಮೆಯಿಂದ ಇರುತ್ತಿದ್ದ ನಾನು ನನ್ನ ಸ್ವಂತ ಮಗಳ ಮುಂದೆ ಕೂತರೆ ಹತ್ತೇ ನಿಮಿಷಕ್ಕೆ ದನಿ ಏರಿಸುತ್ತಿದ್ದೆ. ಸ್ವಂತ ಮಗು ತಪ್ಪಿದರೆ ನಮಗೆ ಅದರ ಇಡೀ ಭವಿಷ್ಯವೇ ತಪ್ಪಿದ ಹಾಗೆ ಕಾಣುತ್ತದೆ, ಏನು ಮಾಡುವುದು. ವಾರಕ್ಕೆ ಎರಡು ಸಲ ಕೈ ಎತ್ತುವಷ್ಟು ಸಿಟ್ಟು ಬರುತ್ತಿದ್ದರೆ ಸುಮ್ನೆ ಹಠ ಬೇಡ. ಪಾಠ ಬೇರೆಯವರಿಗೆ ವಹಿಸಿ, ನೀವು ಕತೆ ಹೇಳುವ ಅಮ್ಮ ಆಗಿ.

ಅಡಿಕೆ ಮನೆಗಳಲ್ಲಿ ಇನ್ನೊಂದು ಸಮಸ್ಯೆ. ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾದರೆ ಎರಡು ಮೂರು ತಿಂಗಳು ಯಾರಿಗೂ ಇಪ್ಪತ್ತು ನಿಮಿಷ ಕೂಡ ಇರುವುದಿಲ್ಲ. ಆಗ ಪಾಠ ನಿಲ್ಲಿಸಿ, ಚಿಂತೆಯಿಲ್ಲ. ಸುಲಿಯುವವರ ನಡುವೆ ಕೂತ ಮಗು ಯಾವ ಬುಟ್ಟಿ ತುಂಬಿತು, ಯಾವುದು ಅರ್ಧ, ಯಾರು ಎಷ್ಟು ಡಬ್ಬ ಅಳೆದರು ಅಂತ ಕೇಳಿಸಿಕೊಳ್ಳುತ್ತಿರುತ್ತದೆ. ಕತ್ತಿ ಮಾತ್ರ ದೂರ ಇರಲಿ.

ಆ ಮೂವರಿಗೆ ಏನು ಹೇಳಿದೆ

ಗೋಪಾಳದವರಿಗೆ ಬೇಕಾಗಿದ್ದದ್ದು ಸಂಜೆಯ ಒಂದೂವರೆ ಗಂಟೆ ಯಾರಾದರೂ ಮಗುವನ್ನು ನೋಡಿಕೊಳ್ಳುವುದು. ಪಕ್ಕದ ಬೀದಿಯ ಟ್ಯೂಷನ್ನೇ ಸರಿ, ಹನ್ನೆರಡಕ್ಕಿಂತ ಕಮ್ಮಿ ಮಕ್ಕಳಿರುವುದು ನೋಡಿ ಅಂದೆ. ವಾರಕ್ಕೆ ಮೂರೇ ದಿನ. ಉಳಿದೆರಡು ದಿನ ಅಜ್ಜಿ ಮತ್ತು ಅಳಗುಳಿ ಮಣೆ. ಅವರು ಮನೆಗೆ ಬರುವ ಮಿಸ್ ಹುಡುಕುತ್ತಿದ್ದರು, ದುಡ್ಡಿಗೆ ತೊಂದರೆಯಿರಲಿಲ್ಲ. ಆದರೆ ಆ ಹುಡುಗ ಒಬ್ಬನೇ ಇದ್ದು ಇದ್ದು ಸೊರಗಿದ್ದ. ಅವನಿಗೆ ಕೊರತೆಯಾಗಿದ್ದದ್ದು ಮಕ್ಕಳು, ಮಿಸ್ ಅಲ್ಲ.

ಆಟೋದವರಿಗೆ ಎಲ್‌ಕೆಜಿ ಮಗಳಿಗೆ ಟ್ಯೂಷನ್ನೇ ಬೇಡ, ಟ್ಯೂಷನ್ ಬೇಕಿರುವುದು ಡೈರಿಗೆ ಅಂದೆ. ನಕ್ಕರು. ನಿಜ ಹೇಳಿದ್ದು. ಡೈರಿಯ ಪುಟದ ಫೋಟೋ ತೆಗೆದರೆ ಫೋನೇ ಕನ್ನಡಕ್ಕೆ ತಿರುಗಿಸಿ ತೋರಿಸುತ್ತದೆ. ಕೈಬರಹ ಅರ್ಥವಾಗದಿದ್ದರೆ ಬೀದಿಯ ಹೈಸ್ಕೂಲ್ ಹುಡುಗಿಯೊಬ್ಬಳು ಹತ್ತು ನಿಮಿಷ ಬಂದು ಓದಿ ಹೇಳಲಿ, ಅವಳಿಗೆ ತಿಂಗಳಿಗೆ ಇಷ್ಟು ಅಂತ ಕೊಡಿ. ಮುಂದಿನ ವರ್ಷ ಯುಕೆಜಿಗೆ ಬಂದಾಗ ದುಡ್ಡಾದರೆ ಫೋನಿಕ್ಸ್, ಇಲ್ಲದಿದ್ದರೆ ಇಂಗ್ಲಿಷ್ ಚೆನ್ನಾಗಿ ಬರುವ ಜಗಲಿ ಟ್ಯೂಷನ್. ತಾಯಿಗೆ ಕನ್ನಡ ಓದಲು ಬರುತ್ತದೆ, ದಿನಾ ಒಂದು ಕತೆ ಓದಲಿ. ಪದದೊಳಗೆ ಉಲಿಗಳಿವೆ, ಉಲಿಗೊಂದು ಗುರುತಿದೆ ಅನ್ನುವುದು ಒಂದು ಭಾಷೆಯಲ್ಲಿ ಹೊಳೆದರೆ ಇನ್ನೊಂದಕ್ಕೂ ಅದೇ ದಾರಿ.

ತೀರ್ಥಹಳ್ಳಿ ಕಡೆಯವರಿಗೆ ಮೊದಲು ಶಾಲೆಗೆ ಹೋಗಿ ಮೇಷ್ಟ್ರ ಹತ್ತಿರ ವಿದ್ಯಾಪ್ರವೇಶ ಅಂದರೆ ಏನು ಅಂತ ಕೇಳಿ ಅಂದೆ. ಒಂದನೇ ಕ್ಲಾಸಿಗೆ ಬಂದ ಮಕ್ಕಳಿಗೆ ಮೊದಲ ಮೂರು ತಿಂಗಳು ಆಟ, ಹಾಡು, ಕತೆಯಲ್ಲೇ ತಯಾರಿ ಮಾಡಿಸಬೇಕು ಅಂತ 2021ರಲ್ಲಿ ತಂದ ಕ್ರಮ ಅದು. ಮೇಷ್ಟ್ರು ಸುಮ್ಮನೆ ಕೂತಿಲ್ಲ, ಅ ಆ ಇ ಈ ತಡವಾಗಿಲ್ಲ. ಪಂಚಾಯ್ತಿ ಲೈಬ್ರರಿ ಹತ್ತಿರವಿದ್ದರೆ ಆರು ವರ್ಷ ತುಂಬಿದ ಮಗನ ಹೆಸರು ಬರೆಸಿ, 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ದುಡ್ಡಿಲ್ಲದೆ ಸದಸ್ಯತ್ವ ಇದೆ ಅಂದೆ.

"ಹಾಗಾದ್ರೆ ಆನ್‌ಲೈನ್ ಕ್ಲಾಸು ಬೇಡ್ವಾ ಅಕ್ಕ?"

"ಬೇಡ. ಆ ದುಡ್ಡಲ್ಲಿ ಅವನಿಗೊಂದು ಒಳ್ಳೆ ರೇನ್‌ಕೋಟು ತಗೊಳ್ಳಿ, ಮೊಣಕಾಲು ದಾಟುವಂಥದ್ದು. ದಾರಿಯಲ್ಲಿ ಹಳ್ಳಕ್ಕೆ ಕಾಲುಸಂಕ ಇದ್ದರೆ ನೀವೇ ಕೈಹಿಡಿದು ದಾಟಿಸಿ. ಶಾಲೆ ತಪ್ಪದಿದ್ದರೆ ಸಾಕು."

"ಕೊಡೆ ಇದೆಯಲ್ಲ?"

"ನಿಮ್ಮ ಕಡೆ ಗಾಳಿಗೆ ಕೊಡೆ ನಿಲ್ತದಾ?" ಅಂತ ಕೇಳಿದೆ. ಅವರೇ ನಕ್ಕು ಫೋನಿಟ್ಟರು.